ಇಸಿಜಿ ಡಬ್ಬಿಗೆ ಶೀಲ್ಡಿಂಗ್: ಪೇಂಟಾ, ಕಾರ್ಬನ್ ಪ್ಲಾಸ್ಟಿಕ್ಕಾ, ತಗಡಾ?

ಮೈಸೂರು_ಸರ್ಕ್ಯೂಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಕಂಪನಿ. ಕೈಚೀಲದಲ್ಲಿ ಹಾಕಿಕೊಂಡು ಹೋಗುವಂಥ ಇಸಿಜಿ ಯಂತ್ರ ಮಾಡುತ್ತಿದ್ದೇವೆ. ರೋಗಿಗಳ ಮನೆಗೇ ಹೋಗುವ ನರ್ಸ್‌ಗಳಿಗೆ ಅಂತ. ಡಬ್ಬಿ ಪಿಸಿ-ಎಬಿಎಸ್ (ಪಾಲಿಕಾರ್ಬನೇಟ್ ಮತ್ತು ಎಬಿಎಸ್ ಬೆರಕೆ) ಪ್ಲಾಸ್ಟಿಕ್‌ನದು. 18 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರ. ಮೇಲೊಂದು ಭಾಗ, ಕೆಳಗೊಂದು ಭಾಗ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಮೋಲ್ಡ್ ಆಗಲೇ ಮಾಡಿಸಿಯಾಗಿದೆ. ಅದನ್ನು ಮತ್ತೆ ಕೊರೆಸುವಷ್ಟು ದುಡ್ಡಿಲ್ಲ.

ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಮುಂಚಿತವಾಗಿ ಟೆಸ್ಟ್ ಮಾಡಿಸಿದೆವು. ಎರಡು ತೊಂದರೆ ಸಿಕ್ಕಿವೆ.

ಮೊದಲನೆಯದು, ನಮ್ಮ ಯಂತ್ರ ಹೊರಗೆ ರೇಡಿಯೋ ತರಂಗದ ಗಲಾಟೆ ಬಿಡುತ್ತಿದೆ. 96, 144, 192 ಮೆಗಾಹರ್ಟ್ಸ್‌ನಲ್ಲಿ ಚೂಪು ಶಿಖರಗಳು. ಎಲ್ಲವೂ ಬೋರ್ಡಿನ 48 ಮೆಗಾಹರ್ಟ್ಸ್ ಕ್ಲಾಕಿನ (ಚಿಪ್‌ಗಳಿಗೆ ತಾಳ ಕೊಡುವ ಸರ್ಕ್ಯೂಟ್) ಮಕ್ಕಳೇ, ಅದರ ಎರಡು, ಮೂರು, ನಾಲ್ಕರಷ್ಟು. ಸಿಐಎಸ್‌ಪಿಆರ್ 11 (ಯಂತ್ರ ಎಷ್ಟು ಗಲಾಟೆ ಬಿಡಬಹುದು ಅನ್ನುವ ಅಂತಾರಾಷ್ಟ್ರೀಯ ಮಾನದಂಡ) ಕ್ಲಾಸ್ ಬಿ, ಅಂದರೆ ಮನೆ ಬಳಕೆಯ ವರ್ಗದ ಪ್ರಕಾರ 3 ಮೀಟರ್ ದೂರದಲ್ಲಿ ಅಲ್ಲಿ ಮಿತಿ 40 ಡಿಬಿ (ಡೆಸಿಬೆಲ್, ತರಂಗದ ಬಲ ಅಳೆಯುವ ಲೆಕ್ಕ). ನಮ್ಮದು 144ರಲ್ಲಿ 47 ಬಂದಿದೆ.

ಎರಡನೆಯದು, ಹೊರಗಿನ ಗಲಾಟೆ ಒಳಗೆ ಬರುತ್ತಿದೆ. ಮನೆಯಲ್ಲಿ ಬಳಸುವ ಸಾಧನ ಅಂತ 10 ವೋಲ್ಟ್ ಪರ್ ಮೀಟರ್ ಬಲದ ತರಂಗ ಹಾಕಿ ಪರೀಕ್ಷಿಸಿದರು. 150ರಿಂದ 400 ಮೆಗಾಹರ್ಟ್ಸ್ ನಡುವೆ ಇಸಿಜಿ ಗೆರೆ ಮೇಲೆ ಕೆಳಗೆ ಕುಣಿಯುತ್ತದೆ.

ಈಗ ಮಾರುವವರೆಲ್ಲ ಸಾಲಾಗಿ ಬಂದಿದ್ದಾರೆ. ಒಬ್ಬರು ನಿಕಲ್ ಪೇಂಟ್ ಬಳಿಸಿ ಅಂತಾರೆ, 50 ಮೈಕ್ರಾನ್ ದಪ್ಪಕ್ಕೆ 0.5 ಓಮ್ ಪರ್ ಸ್ಕ್ವೇರ್, 70 ಡಿಬಿ ಶೀಲ್ಡಿಂಗ್ (ತರಂಗವನ್ನು ಅಷ್ಟು ತಗ್ಗಿಸುತ್ತದೆ ಅಂತ) ಎಂದು ಹಾಳೆಯಲ್ಲಿ ಬರೆದಿದೆ. ಇನ್ನೊಬ್ಬರು ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ನಳಿಗೆ) ಬೆರೆಸಿದ ಪ್ಲಾಸ್ಟಿಕ್ ಕೊಡುತ್ತೇನೆ, ಅದೇ ಮೋಲ್ಡಿಗೆ ಹಾಕಿ, 3 ಮಿ.ಮೀ.ಗೆ 35 ಡಿಬಿ ಅಂತಾರೆ. ಮೂರನೆಯದು, ಬೋರ್ಡ್ ಮೇಲೆ ತವರ ಲೇಪಿಸಿದ ತಗಡಿನ ಮುಚ್ಚಳ. ಇದರ ಮಧ್ಯೆ ನಮ್ಮ ಹುಡುಗನೊಬ್ಬ ಎಂಕ್ಸೀನ್ ಅಂತ ಏನೋ ಓದಿಕೊಂಡು ಬಂದು "90 ಡಿಬಿ ಸರ್, ಕೂದಲಿಗಿಂತ ತೆಳು" ಅಂತ ಕುಣಿಯುತ್ತಿದ್ದಾನೆ.

ಯಾವ ಮೆಟೀರಿಯಲ್ ಹಿಡಿಯಬೇಕು? ಡಿಬಿ ಜಾಸ್ತಿ ಇದ್ದದ್ದನ್ನು ಸುಮ್ನೆ ತಗೊಂಡುಬಿಟ್ಟರೆ ಸಾಕಾ?

---

ಹಳೇ_ಚೇಂಬರ್:

ಸಾಲದು ಮಾರಾಯ್ರೆ. ಡಿಬಿ ಜಾಸ್ತಿ ಅಂತ ತಗೊಂಡವರು ತುಂಬ ಜನ ನಮ್ಮ ಲ್ಯಾಬಿಗೆ ಬರುತ್ತಿದ್ದರು. ಅವರ ಬಿಲ್ಲಿನಿಂದಲೇ ನಮ್ಮ ಲ್ಯಾಬ್ ನಡೆಯುತ್ತಿತ್ತು ಅಂದರೂ ತಪ್ಪಿಲ್ಲ. ನಾನು ನಿವೃತ್ತನಾಗಿ ಮಂಗಳೂರಿಗೆ ಬಂದು ಕೂತಿದ್ದೇನೆ, ಸಮಯ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ 70 ಡಿಬಿ ನೋಡೋಣ. ಲೋಹದ ಹಾಳೆಗೆ ತರಂಗ ಬಡಿದಾಗ ಒಂದಷ್ಟು ವಾಪಸ್ ಹೋಗುತ್ತದೆ, ಒಂದಷ್ಟು ಒಳಗೆ ಹೊಕ್ಕು ಬಿಸಿಯಾಗಿ ಸಾಯುತ್ತದೆ. ಈ ಲೆಕ್ಕವನ್ನು ಬೆಲ್ ಲ್ಯಾಬ್ಸ್‌ನ ಶೆಲ್ಕುನಾಫ್ 1930-40ರ ದಶಕಗಳಲ್ಲೇ ಕಟ್ಟಿಕೊಟ್ಟಿದ್ದಾರೆ. ಇವತ್ತಿಗೂ ಅದೇ. ಒಳಗೆ ಸಾಯಬೇಕಾದರೆ ಹಾಳೆ ಸ್ಕಿನ್ ಡೆಪ್ತ್‌ಗಿಂತ (ತರಂಗ ಲೋಹದೊಳಗೆ ಇಳಿಯುವ ಆಳ) ದಪ್ಪ ಇರಬೇಕು. ಒಂದು ಸ್ಕಿನ್ ಡೆಪ್ತ್ ದಾಟಿದರೆ ಸುಮಾರು 8.7 ಡಿಬಿ ಕಮ್ಮಿ. ಶುದ್ಧ ತಾಮ್ರಕ್ಕೆ 100 ಮೆಗಾಹರ್ಟ್ಸ್‌ನಲ್ಲಿ ಇದು ಬರೀ 6.6 ಮೈಕ್ರಾನ್. ನಿಮ್ಮ ನಿಕಲ್ ಪೇಂಟ್ ತಾಮ್ರದಷ್ಟು ಒಳ್ಳೆಯ ವಾಹಕ ಅಲ್ಲ. ಅಂಟಿನಲ್ಲಿ ನೆನೆಸಿದ ಲೋಹದ ಚೂರು ಅದು. ನೀವು ಕೊಟ್ಟ ಅಂಕಿಯಿಂದಲೇ ಲೆಕ್ಕ ಹಾಕಿದರೆ ಅದರ ಸ್ಕಿನ್ ಡೆಪ್ತ್ ಕಾಲು ಮಿ.ಮೀ. ಆಗುತ್ತದೆ, ಬಳಿದಿರುವುದು 50 ಮೈಕ್ರಾನ್. ಅಂದರೆ ಹೀರುವ ಮಾತು ಬಿಡಿ, ವಾಪಸ್ ಕಳಿಸುವುದಷ್ಟೇ ಅದರ ಕೆಲಸ.

ಇಂಥ ತೆಳು ಪದರಕ್ಕೆ ಲೆಕ್ಕ ಸುಲಭ. 188ನ್ನು ಶೀಟ್ ರೆಸಿಸ್ಟೆನ್ಸ್‌ನಿಂದ (ಅದೇ ಓಮ್ ಪರ್ ಸ್ಕ್ವೇರ್ ಅಂಕಿ) ಭಾಗಿಸಿ, ಒಂದು ಕೂಡಿಸಿ, ಲಾಗ್ ತೆಗೆದು 20ರಿಂದ ಗುಣಿಸಿ. 10 ಓಮ್‌ಗೆ 26 ಡಿಬಿ. 1 ಓಮ್‌ಗೆ 45. ನಿಮ್ಮ 0.5 ಓಮ್‌ಗೆ 51. 70 ಬರಬೇಕಾದರೆ 0.06 ಓಮ್ ಬೇಕು. ಅದು ಬೆಳ್ಳಿ ಲೇಪಿಸಿದ ತಾಮ್ರದ ಪೇಂಟಿಗೆ ಸಲ್ಲುವ ಮಾತು. ಒಂದೇ ಹಾಳೆಯಲ್ಲಿ 0.5 ಓಮ್ ಮತ್ತು 70 ಡಿಬಿ ಎರಡೂ ಇದ್ದರೆ, ಯಾವ ವಿಧಾನದಲ್ಲಿ ಅಳೆದಿರಿ, ಯಾವ ದಪ್ಪಕ್ಕೆ ಅಳೆದಿರಿ ಅಂತ ಕೇಳಿ.

ಈ 51 ಕೂಡ ದೂರದಿಂದ ಬರುವ ತರಂಗಕ್ಕೆ. ನಿಮ್ಮ ಕ್ಲಾಕ್ ಡಬ್ಬಿಯ ಗೋಡೆಯಿಂದ 2 ಸೆಂ.ಮೀ. ದೂರದಲ್ಲಿ ಕೂತಿದೆ. 144 ಮೆಗಾಹರ್ಟ್ಸ್‌ನಲ್ಲಿ 33 ಸೆಂ.ಮೀ. ಒಳಗಿನದ್ದೆಲ್ಲ ಹತ್ತಿರದ ವಲಯ. ಬೋರ್ಡ್ ಮೇಲಿನ ಕರೆಂಟ್ ಸುತ್ತು ಹುಟ್ಟಿಸುವುದು ಮುಖ್ಯವಾಗಿ ಕಾಂತಕ್ಷೇತ್ರ. ಅಲ್ಲಿ ತರಂಗದ ಇಂಪೀಡೆನ್ಸ್ (ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ಇರುವ ಅನುಪಾತ) ದೂರದಲ್ಲಿ ಇರುವ ಹಾಗೆ 377 ಓಮ್ ಅಲ್ಲ, ಇಪ್ಪತ್ತು ಚಿಲ್ಲರೆ ಓಮ್. ಅದನ್ನು ಹಾಕಿ ನೋಡಿದರೆ ಅದೇ ಪೇಂಟಿಗೆ ಸುಮಾರು 27 ಡಿಬಿ ಸಿಗುತ್ತದೆ. 70 ಎಲ್ಲಿ, 27 ಎಲ್ಲಿ!

ಹಾಗಂತ ಗಾಬರಿ ಬೇಡ. ನಿಮಗೆ ಬೇಕಾಗಿರುವುದು ಎಷ್ಟು? 7 ಡಿಬಿ ಮೀರಿದೆ. ಡಬ್ಬಿಯಿಂದ ಡಬ್ಬಿಗೆ ವ್ಯತ್ಯಾಸ ಇರುತ್ತದೆ ಅಂತ 6 ಸೇರಿಸಿ. 13. ಇಡೀ ಡಬ್ಬಿಗೆ 20 ಡಿಬಿ ಸಿಕ್ಕರೆ ನೀವು ಪಾಸ್. ನೀವು ಹೇಳಿದ ಮೂರೂ ಮೆಟೀರಿಯಲ್ ಅಷ್ಟು ಕೊಡುತ್ತವೆ. ಅಂದ ಮೇಲೆ ಯಾವ ಮೆಟೀರಿಯಲ್ ಅನ್ನುವುದು ನಿಮ್ಮ ಕಷ್ಟವೇ ಅಲ್ಲ.

ಕಷ್ಟ ಇರುವುದು ಸಂದಿಯಲ್ಲಿ. ಮಾರುವವರ ಡಿಬಿ ಹೆಚ್ಚಾಗಿ ಎಎಸ್‌ಟಿಎಂ ಡಿ4935 ಅನ್ನುವ ಪರೀಕ್ಷಾ ವಿಧಾನದ ಪ್ರಕಾರ ಅಳೆದದ್ದು. 30 ಮೆಗಾಹರ್ಟ್ಸ್‌ನಿಂದ 1.5 ಗಿಗಾಹರ್ಟ್ಸ್‌ವರೆಗೆ, ಚಪ್ಪಟೆಯ ಬಿಲ್ಲೆ, ತೂತಿಲ್ಲ, ಜೋಡಣೆ ಇಲ್ಲ, ವೈರ್ ಇಲ್ಲ. ನಿಮ್ಮ ಡಬ್ಬಿಗೆ ಮುಚ್ಚಳ ಇದೆ. ಉದ್ದದ ಬದಿಯಲ್ಲಿ ಸ್ಕ್ರೂನಿಂದ ಸ್ಕ್ರೂಗೆ ಹತ್ತಿರ ಹತ್ತಿರ 16 ಸೆಂ.ಮೀ. ಇರಬೇಕು. ಆ ನಡುವೆ ಎರಡು ಅಂಚು ವಿದ್ಯುತ್ ದೃಷ್ಟಿಯಿಂದ ಮುಟ್ಟುತ್ತಿಲ್ಲ ಅಂದರೆ ಅದು 16 ಸೆಂ.ಮೀ. ಉದ್ದದ ಸೀಳು. ಎಷ್ಟು ಸಣ್ಣ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ, ಎಷ್ಟು ಉದ್ದ ಅನ್ನುವುದಷ್ಟೇ ಮುಖ್ಯ. ಕಾಗದ ತೂರದ ಸಂದಿಯಲ್ಲೂ ತರಂಗ ತೂರುತ್ತದೆ. ತರಂಗಾಂತರವನ್ನು ಸೀಳಿನ ಉದ್ದದ ಎರಡರಷ್ಟರಿಂದ ಭಾಗಿಸಿ ಲಾಗ್ ತೆಗೆದು 20ರಿಂದ ಗುಣಿಸಿದರೆ ಒಂದು ಅಂದಾಜು ಸಿಗುತ್ತದೆ. 144 ಮೆಗಾಹರ್ಟ್ಸ್‌ಗೆ 16 ಡಿಬಿ. 400ಕ್ಕೆ 7. 900ಕ್ಕೆ ಸೊನ್ನೆ. ಅಲ್ಲಿ ಆ ಸಂದಿಯೇ ಒಂದು ಒಳ್ಳೆಯ ಆಂಟೆನಾ. ಚಿನ್ನದ ತಗಡು ಬಡಿದರೂ ಆ ಸೊನ್ನೆ ಸೊನ್ನೆಯೇ.

ಸ್ಕ್ರೂ 4 ಸೆಂ.ಮೀ.ಗೊಂದು ಇದ್ದಿದ್ದರೆ 400ರಲ್ಲಿ 19 ಡಿಬಿ, 900ರಲ್ಲಿ 12 ಸಿಗುತ್ತಿತ್ತು. ನಿಮಗೆ ಮೋಲ್ಡ್ ಬದಲಿಸಲು ಆಗುವುದಿಲ್ಲ. ಹಾಗಾಗಿ ಅಂಚಿನ ಕಾಲುವೆಯಲ್ಲಿ ವಾಹಕ ಗ್ಯಾಸ್ಕೆಟ್ (ವಿದ್ಯುತ್ ಹರಿಯುವ ರಬ್ಬರಿನಂಥ ಪಟ್ಟಿ) ಕೂರಿಸಿ. ನಿಕಲ್ ಗ್ರಾಫೈಟ್ ತುಂಬಿದ ಸಿಲಿಕೋನ್ ಸಿಗುತ್ತದೆ. ಮೆಷಿನ್ನಿನಲ್ಲಿ ನೇರ ಅಂಚಿನ ಮೇಲೇ ಎಳೆ ಎಳೆದುಕೊಡುವವರೂ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ತೂತನ್ನು ನೀವು ಬರೆದೇ ಇಲ್ಲ. ರೋಗಿಯ ಮೈಗೆ ಹೋಗುವ ಲೀಡ್ ವೈರ್‌ಗಳು! ಒಂದೂವರೆ ಮೀಟರ್ ವೈರ್ 100 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಆಂಟೆನಾ. ಡಬ್ಬಿಗೆ ಎಷ್ಟೇ ಪೇಂಟ್ ಬಳಿದರೂ ಆ ವೈರ್ ಗೋಡೆ ದಾಟಿ ಒಳಗಿನ ಆಂಪ್ಲಿಫೈಯರ್ ಮುಂದೆ ತರಂಗವನ್ನು ಕೈಯಾರೆ ಇಳಿಸುತ್ತದೆ. ಆಂಪ್ಲಿಫೈಯರ್‌ನ ಮೊದಲ ಹಂತ ಅದನ್ನು ಡಯೋಡಿನ ಹಾಗೆ ಕತ್ತರಿಸಿ ಡಿಸಿ ಮಾಡುತ್ತದೆ. ನಿಮ್ಮ ಗೆರೆ ಕುಣಿಯುವುದು ಹಾಗೆ, ನನ್ನ ಗುಮಾನಿ.

ಒಂದು ಅಗ್ಗದ ಪರೀಕ್ಷೆ ಮಾಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ತಾಮ್ರದ ಟೇಪ್ ಸಿಗುತ್ತದೆ. ಅಂಟು ಕೂಡ ವಾಹಕ ಆಗಿರುವುದನ್ನೇ ಕೇಳಿ. ಎರಡು ತುಂಡು ಒಂದರ ಮೇಲೊಂದು ಅಂಟಿಸಿ ಮೀಟರ್ ಇಟ್ಟು ನೋಡಿ, ಅಂಗಡಿಯವನ ಮಾತು ನಂಬಬೇಡಿ. ಡಬ್ಬಿಗೆ ಪೂರ್ತಿ ಸುತ್ತಿ, ಸಂದಿ ಸಮೇತ. ಮೊದಲು ಲೀಡ್ ಕಿತ್ತು ಅಳೆಯಿರಿ, ಆಮೇಲೆ ಹಾಕಿ ಅಳೆಯಿರಿ. ಆ ಎರಡರ ನಡುವಿನ ವ್ಯತ್ಯಾಸ ಕೈಗೆ ಬರುವವರೆಗೆ ಯಾರಿಗೂ ಆರ್ಡರ್ ಕೊಡಬೇಡಿ.

---

ಇಂಗಾಲದ_ಹುಡುಗಿ:

ಸರ್ ಹೇಳಿದ್ದು ಬಹಳ ಮಟ್ಟಿಗೆ ಸರಿ. ಆದರೆ "ಮೆಟೀರಿಯಲ್ ನಿಮ್ಮ ಕಷ್ಟವೇ ಅಲ್ಲ" ಅನ್ನುವುದಕ್ಕೆ ನನ್ನ ತಕರಾರಿದೆ. ನಾನು ಪಿಎಚ್‌ಡಿ ಮಾಡುತ್ತಿರುವುದೇ ಶೀಲ್ಡಿಂಗ್ ಕಾಂಪೊಸಿಟ್‌ಗಳ ಮೇಲೆ, ಸುಮ್ಮನಿರಲಾರೆ :)

ಮೊದಲು ನ್ಯಾನೋಟ್ಯೂಬ್ ಪ್ಲಾಸ್ಟಿಕ್. ಪ್ಲಾಸ್ಟಿಕ್ ಒಳಗೆ ವಾಹಕ ಕಣಗಳು ಒಂದಕ್ಕೊಂದು ಮುಟ್ಟಿ ಈ ಕಡೆಯಿಂದ ಆ ಕಡೆಗೆ ದಾರಿ ಆಗಬೇಕು. ಅದನ್ನು ಪರ್ಕೋಲೇಷನ್ ಅಂತಾರೆ. ಗುಂಡಗಿನ ಕಣಗಳಾದರೆ ಗಾತ್ರದಲ್ಲಿ ಶೇ. 16ರ ಆಸುಪಾಸು ತುಂಬಬೇಕು. ನ್ಯಾನೋಟ್ಯೂಬ್ ಉದ್ದ, ಸಪೂರ. ಹಾಗಾಗಿ ತೂಕದಲ್ಲಿ ಶೇ. 1ಕ್ಕಿಂತ ಕಡಿಮೆಯಲ್ಲೂ ದಾರಿ ಬೀಳಬಹುದು. ಇಲ್ಲೊಂದು ಚಂದದ ವಿಷಯ ಇದೆ. ಪಿಸಿ ಮತ್ತು ಎಸ್‌ಎಎನ್ (ಎಬಿಎಸ್‌ನ ರಬ್ಬರ್ ಇಲ್ಲದ ಸಂಬಂಧಿ) ಬೆರೆಸಿದ ಪ್ಲಾಸ್ಟಿಕ್‌ಗೆ ನ್ಯಾನೋಟ್ಯೂಬ್ ಹಾಕಿದರೆ ಅವೆಲ್ಲ ಪಿಸಿ ಕಡೆಗೇ ಹೋಗಿ ಸೇರಿಕೊಳ್ಳುತ್ತವೆ. ಪಿಸಿಯೇ ಒಂದು ಜಾಲದ ಹಾಗೆ ಹಬ್ಬಿದ್ದರೆ ಕಡಿಮೆ ನ್ಯಾನೋಟ್ಯೂಬ್‌ನಲ್ಲೇ ಕೆಲಸ ಆಗುತ್ತದೆ. ನಿಮ್ಮ ಪಿಸಿ-ಎಬಿಎಸ್ ಕೂಡ ಹತ್ತಿರದ ಸಂಬಂಧಿಯೇ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸೂರ್ಯಸಾರಥಿ ಬೋಸ್ ಅವರ ಗುಂಪು ಹೀಗೆ ಪಾಲಿಮರ್ ಮಿಶ್ರಣದಲ್ಲಿ ಯಾವ ಕಣ ಯಾವ ಭಾಗಕ್ಕೆ ಹೋಗಬೇಕು ಅಂತ ಕೂರಿಸಿ ಶೀಲ್ಡ್ ಮಾಡುವ ಕೆಲಸ ಬಹಳ ಮಾಡಿದೆ.

ಇಷ್ಟೆಲ್ಲ ಹೊಗಳಿದ ಮೇಲೂ ನಿಮ್ಮ ಡಬ್ಬಿಗೆ ಅದು ಬೇಡ ಅನ್ನುತ್ತೇನೆ. ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ಹೊರಮೈಗೆ ಬರೀ ಪ್ಲಾಸ್ಟಿಕ್‌ನ ತೆಳು ಸಿಪ್ಪೆ ಕೂರುತ್ತದೆ, ಕಣಗಳೆಲ್ಲ ಒಳಗೆ. ತಿರುಳು ವಾಹಕ, ಸಿಪ್ಪೆ ಅಲ್ಲ. ಆಗ ಎರಡು ಅಂಚು ಒತ್ತಿ ಕೂತರೂ ವಿದ್ಯುತ್ ದಾಟುವುದಿಲ್ಲ. ಸರ್ ಹೇಳಿದ 16 ಸೆಂ.ಮೀ. ಸೀಳು ಹಾಗೇ ಉಳಿಯುತ್ತದೆ, ಅಂಚನ್ನು ಉಜ್ಜಿ ಸಿಪ್ಪೆ ತೆಗೆಯಬೇಕಾಗುತ್ತದೆ. ಸ್ಟೀಲ್ ನಾರು, ಕಾರ್ಬನ್ ನಾರು ಆದರೆ ಇನ್ನೊಂದು ಗೋಳು. ಮೋಲ್ಡಿಂಗ್ ಮೆಷಿನ್ನಿನ ಸ್ಕ್ರೂ ಅವನ್ನು ತುಂಡು ತುಂಡು ಮಾಡುತ್ತದೆ. ತುಂಡಾದಷ್ಟೂ ದಾರಿ ಕಡಿಯುತ್ತದೆ. ಮಾರುವವರು ಕೊಟ್ಟ 35 ಡಿಬಿ ಅವರ ಮೆಷಿನ್ನಿನಲ್ಲಿ ಒತ್ತಿದ ಬಿಲ್ಲೆಯದ್ದು. ನಿಮ್ಮ ಮೆಷಿನ್, ನಿಮ್ಮ ಗೇಟ್ (ಮೋಲ್ಡಿಗೆ ಪ್ಲಾಸ್ಟಿಕ್ ಹೋಗುವ ಬಾಯಿ), ನಿಮ್ಮ ಉಷ್ಣತೆಗೆ ಎಷ್ಟು ಬರುತ್ತದೋ ನೀವೇ ಅಳೆಯಬೇಕು.

ನಿಮ್ಮ ಹುಡುಗನ ಎಂಕ್ಸೀನ್ ಬಗ್ಗೆ: ಅವನು ಸುಳ್ಳು ಹೇಳುತ್ತಿಲ್ಲ. ಟೈಟೇನಿಯಂ ಕಾರ್ಬೈಡ್‌ನ ಹಾಳೆಗಳು ಅವು, 2011ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅಲ್ಯೂಮಿನಿಯಂ ಪದರ ಇರುವ ಪುಡಿಯನ್ನು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಹಾಕಿ ಅಲ್ಯೂಮಿನಿಯಂ ಕರಗಿಸಿ ತೆಗೆದರು. 2016ರಲ್ಲಿ ಕೊರಿಯಾದ ತಂಡವೂ ಸೇರಿ 45 ಮೈಕ್ರಾನ್ ಹಾಳೆಗೆ 92 ಡಿಬಿ ತೋರಿಸಿದರು. ಆದರೆ ಅದು ಅಳೆದದ್ದು 8ರಿಂದ 12 ಗಿಗಾಹರ್ಟ್ಸ್‌ನಲ್ಲಿ. ನಮ್ಮ ಕ್ಷೇತ್ರದ ಬಹುಪಾಲು ಪೇಪರ್ ಅದೇ ಬ್ಯಾಂಡಿನಲ್ಲಿ ಇರುತ್ತದೆ. ಕಾರಣ ಸರಳ. ಆ ಬ್ಯಾಂಡಿನಲ್ಲಿ ಅಳೆಯುವ ವೇವ್‌ಗೈಡ್ (ತರಂಗ ಹಾಯಿಸುವ ಲೋಹದ ಕೊಳವೆ) 23 ಮಿ.ಮೀ.ಗೆ 10 ಮಿ.ಮೀ., ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಸ್ಯಾಂಪಲ್ ಸಾಕು, ಎಲ್ಲ ಲ್ಯಾಬಿನಲ್ಲೂ ಇದೆ. ನಿಮ್ಮ 144 ಮೆಗಾಹರ್ಟ್ಸ್‌ಗೆ ಆ ಅಂಕಿ ಏನೂ ಹೇಳುವುದಿಲ್ಲ. ಜೊತೆಗೆ ತೇವ ಮತ್ತು ಗಾಳಿ ಸಿಕ್ಕರೆ ಎಂಕ್ಸೀನ್ ನಿಧಾನವಾಗಿ ಟೈಟೇನಿಯಂ ಡೈಆಕ್ಸೈಡ್ ಆಗಿಬಿಡುತ್ತದೆ. ಅದು ವಾಹಕ ಅಲ್ಲ, ಗೋಡೆ ಪೇಂಟಿನ ಬಿಳಿ ಪುಡಿ.

ಈಗ ತಕರಾರು. ಬರೀ ವಾಪಸ್ ಕಳಿಸುವ ಶೀಲ್ಡ್ ಗಲಾಟೆಯನ್ನು ಕೊಲ್ಲುವುದಿಲ್ಲ, ಒಳಗೇ ಕೂಡಿಹಾಕುತ್ತದೆ. ನಿಮ್ಮ 18ಕ್ಕೆ 12 ಡಬ್ಬಿಗೆ ಒಳಗಡೆ ಲೋಹ ಬಳಿದರೆ ಅದೊಂದು ಕ್ಯಾವಿಟಿ, ಅಂದರೆ ತರಂಗ ಒಳಗೇ ಪುಟಿಯುವ ಪೆಟ್ಟಿಗೆ. ಅದರ ಮೊದಲ ಅನುರಣನ 1.5 ಗಿಗಾಹರ್ಟ್ಸ್ ಹತ್ತಿರ ಬರುತ್ತದೆ. ಅಲ್ಲಿ ಒಳಗಿನ ಕ್ಷೇತ್ರ ಕಮ್ಮಿ ಆಗುವ ಬದಲು ಜಾಸ್ತಿ ಆಗಬಹುದು. ಹೀರುವ ಮೆಟೀರಿಯಲ್ ಬೇಕು ಅನ್ನುವುದು ಅದಕ್ಕೆ. ಮುಚ್ಚಳದ ಒಳಗೆ ಫೆರೈಟ್ ಪುಡಿ ತುಂಬಿದ ರಬ್ಬರ್ ಹಾಳೆಯ ಒಂದು ತುಂಡು ಅಂಟಿಸಿದರೂ ಅನುರಣನದ ಸೊಕ್ಕು ಮುರಿಯುತ್ತದೆ.

ಒಂದು ಎಚ್ಚರಿಕೆ ಕೂಡ ಸೇರಿಸುತ್ತೇನೆ. ನಮ್ಮವರೇ ಪೇಪರ್‌ಗಳಲ್ಲಿ "ಹೀರುವಿಕೆ 30 ಡಿಬಿ, ಪ್ರತಿಫಲನ 10 ಡಿಬಿ, ಆದ್ದರಿಂದ ಇದು ಹೀರುವ ಶೀಲ್ಡ್" ಅಂತ ಬರೆಯುತ್ತಾರೆ. ನನಗೆ ಓದಿ ಓದಿ ಸಾಕಾಗಿದೆ. ಪ್ರತಿಫಲನ 10 ಡಿಬಿ ಅಂದರೆ ಬಂದ ಶಕ್ತಿಯ ಶೇ. 90 ಬಾಗಿಲಲ್ಲೇ ವಾಪಸ್ ಹೋಯಿತು ಅಂತ. ಆ 30 ಡಿಬಿ ಹೀರುವಿಕೆ ಉಳಿದ ಶೇ. 10ಕ್ಕೆ ಮಾತ್ರ. ನಿಜವಾಗಿ ಹೀರಬೇಕಾದರೆ ಮೊದಲು ತರಂಗವನ್ನು ಒಳಗೆ ಬಿಟ್ಟುಕೊಳ್ಳಬೇಕು. ಅದಕ್ಕೆ ರಂಧ್ರಗಳಿರುವ ನೊರೆಯಂಥ ರಚನೆ, ಮುಂದೆ ಕಡಿಮೆ ವಾಹಕ, ಹಿಂದೆ ಜಾಸ್ತಿ ವಾಹಕ ಅಂತ ಪದರ, ನಡುವೆ ಕಾಂತೀಯ ಕಣ, ಹೀಗೆಲ್ಲ ಮಾಡುತ್ತೇವೆ. ಬೆಲೆ ತೆರುವುದು ದಪ್ಪದಲ್ಲಿ.

---

ತಾಮ್ರದ_ತೊಟ್ಟಿ:

ಪೀಣ್ಯದಲ್ಲಿ ನಮ್ಮದು ಪ್ಲೇಟಿಂಗ್ ಶಾಪು. ಮೇಲಿನ ಇಬ್ಬರಷ್ಟು ಓದಿಲ್ಲ, ಕೈಕೆಲಸದ ವಿಷಯ ಹೇಳುತ್ತೇನೆ.

ಪೇಂಟ್ ಮಾಡಿಸುವುದಾದರೆ ಮೂರು ಕಡೆ ಕೈ ಕೊಡುತ್ತದೆ. ಮೋಲ್ಡಿನಿಂದ ಬಿಡಿಸಲು ಹಾಕುವ ಎಣ್ಣೆ ಒರೆಸದೆ ಬಳಿದರೆ ಚೆಕ್ಕೆ ಏಳುತ್ತದೆ. ಎದ್ದ ಚೆಕ್ಕೆ ಬೋರ್ಡ್ ಮೇಲೆ ಬಿದ್ದರೆ ಶಾರ್ಟ್. ರೋಗಿಗೆ ಕಟ್ಟುವ ಯಂತ್ರ ಬೇರೆ, ಜೋಪಾನ. ಬ್ಲೇಡಿನಿಂದ ಚೌಕಚೌಕ ಗೀರಿ ಟೇಪ್ ಅಂಟಿಸಿ ಕಿತ್ತು ತೋರಿಸಿ ಅಂತ ಕೇಳಿ. ಎರಡನೇದು, ಸ್ಪ್ರೇ ಗನ್ ಒಳಮೂಲೆಗೆ, ರಿಬ್ಬಿನ ಮರೆಗೆ ಸರಿಯಾಗಿ ಹೋಗುವುದಿಲ್ಲ. ನಡುಮಧ್ಯ 50 ಮೈಕ್ರಾನ್ ಇದ್ದರೆ ಮೂಲೆಯಲ್ಲಿ 10 ಇರುತ್ತದೆ. ಮೂರನೇದು, ಪಿಸಿ ಇರುವ ಪ್ಲಾಸ್ಟಿಕ್‌ಗೆ ಖಾರದ ಸಾಲ್ವೆಂಟ್ ತಾಗಿದರೆ ಸ್ಕ್ರೂ ಬಾಸ್ (ಸ್ಕ್ರೂ ಕೂರುವ ಉಬ್ಬು) ಸುತ್ತ ಕೂದಲಿನಂಥ ಬಿರುಕು ಬರುತ್ತದೆ. ನೀರಿನಲ್ಲಿ ಕಲಸುವ ಪೇಂಟ್ ತಗೊಳ್ಳಿ.

ನಾವು ಮಾಡುವುದು ಎಲೆಕ್ಟ್ರೋಲೆಸ್ ತಾಮ್ರ, ಅಂದರೆ ಕರೆಂಟ್ ಕೊಡದೆ ದ್ರಾವಣದಿಂದಲೇ ಕೂರಿಸುವುದು. ಎಬಿಎಸ್‌ನಲ್ಲಿ ರಬ್ಬರ್ ಕಣ ಇರುತ್ತಲ್ಲ, ಆಸಿಡ್ ಅದನ್ನು ಕಿತ್ತು ಗುಳಿ ಮಾಡುತ್ತದೆ, ಅದಕ್ಕೆ ಪೆಲೇಡಿಯಂ ಹಿಡಿಯುತ್ತದೆ, ಅದರ ಮೇಲೆ ತಾಮ್ರ ಕೂರುತ್ತದೆ. ಒಂದೂವರೆ ಮೈಕ್ರಾನ್ ಸಾಕು, ಓಮ್ ನೂರರಲ್ಲಿ ಒಂದೆರಡು ಪಾಲು ಬರುತ್ತದೆ. ಮೇಲೆ ನಿಕಲ್ ತೆಳುವಾಗಿ ಹಾಕದಿದ್ದರೆ ತಾಮ್ರ ಕಪ್ಪಾಗುತ್ತದೆ. ದ್ರಾವಣದಲ್ಲಿ ಮುಳುಗಿಸುವುದರಿಂದ ಮೂಲೆ, ರಿಬ್ಬು, ಅಂಚು ಎಲ್ಲ ಕಡೆ ಒಂದೇ ಸಮ. ಆದರೆ ಹೊರಗಡೆಯೂ ಕೂರುತ್ತದೆ, ಬೇಡವಾದರೆ ಮುಚ್ಚಬೇಕು, ಅದಕ್ಕೆ ಖರ್ಚು. ಪಿಸಿ ಪಾಲು ಜಾಸ್ತಿ ಇದ್ದರೆ ಹಿಡಿತ ಕಮ್ಮಿ. ನಿಮ್ಮ ಗ್ರೇಡ್ ನೋಡದೆ ಹೂಂ ಅನ್ನುವುದಿಲ್ಲ.

ಇನ್ನೊಂದು ಮಾತು, ಬೇರೆ ಓದುಗರಿಗೂ ಆಗುತ್ತದೆ. ಅಲ್ಯೂಮಿನಿಯಂ ಡಬ್ಬಿ ಅಂತ ಅನೊಡೈಸ್ ಮಾಡಿಸಿಕೊಂಡು ಹೋಗುತ್ತಾರೆ. ಅನೊಡೈಸ್ ಪದರ ವಿದ್ಯುತ್ ಬಿಡುವುದಿಲ್ಲ! ಪೌಡರ್ ಕೋಟಿಂಗೂ ಅಷ್ಟೇ. ಮುಚ್ಚಳ ಕೂರುವ ಅಂಚನ್ನು ಮಾಸ್ಕ್ ಮಾಡಿಸಿ. ಬೆಳ್ಳಿ ತುಂಬಿದ ಗ್ಯಾಸ್ಕೆಟ್ಟನ್ನು ಬರೀ ಅಲ್ಯೂಮಿನಿಯಂ ಮೇಲೆ ಕೂರಿಸಿ ಕರಾವಳಿಗೆ ಕಳಿಸಿದರೆ ಉಪ್ಪುಗಾಳಿಗೆ ತುಕ್ಕು ತಿಂದು ಬರುತ್ತದೆ.

---

ಮೈಸೂರು_ಸರ್ಕ್ಯೂಟ್:

ಎಲ್ಲರಿಗೂ ತುಂಬ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಲ್ಯಾಬಿನಲ್ಲಿ ಜಾಗ ಸಿಗುವುದು ಲೇಟಾಯಿತು.

ಹಳೇ_ಚೇಂಬರ್ ಸರ್, ನೀವು ಹೇಳಿದ ಹಾಗೇ ತಾಮ್ರದ ಟೇಪ್ ಸುತ್ತಿ ಹೋದೆವು. ಲೀಡ್ ಕಿತ್ತಾಗ 144ರ ಶಿಖರ ಮಿತಿಗಿಂತ ಚೆನ್ನಾಗಿ ಕೆಳಗೆ ಹೋಯಿತು. ಲೀಡ್ ಹಾಕಿದ ಕೂಡಲೇ ಮೇಲೆದ್ದು ಮಿತಿಯ ಹತ್ತಿರ ಬಂದು ನಿಂತಿತು. ಇಮ್ಯುನಿಟಿಯಲ್ಲಂತೂ (ಹೊರಗಿನ ಗಲಾಟೆ ತಡೆದುಕೊಳ್ಳುವ ಪರೀಕ್ಷೆ) ಟೇಪ್ ಸುತ್ತಿದರೂ ಸುತ್ತದಿದ್ದರೂ ಗೆರೆ ಅಷ್ಟೇ ಕುಣಿಯಿತು. ನಿಮ್ಮ ಗುಮಾನಿಯೇ ನಿಜ ಅನಿಸುತ್ತಿದೆ. ಲೀಡ್ ಕನೆಕ್ಟರ್ ಪಕ್ಕದಲ್ಲೇ ಪ್ರತಿ ವೈರಿಗೂ ಒಂದು ಫೆರೈಟ್ ಮಣಿ, ರೆಸಿಸ್ಟರ್, ಸಣ್ಣ ಕೆಪಾಸಿಟರ್ ಹಾಕಿ ಹೊಸ ಬೋರ್ಡ್ ಬಿಡಿಸುತ್ತಿದ್ದೇವೆ.

ಎರಡು ಪ್ರಶ್ನೆ ಉಳಿದಿದೆ. ಆ ಕೆಪಾಸಿಟರ್ ಇನ್ನೊಂದು ಕಾಲನ್ನು ಎಲ್ಲಿಗೆ ಕೊಡಬೇಕು, ಪೇಂಟಿಗಾ, ಬೋರ್ಡ್ ಗ್ರೌಂಡಿಗಾ? ಇನ್ನೊಂದು, ಮನೆಗಳಲ್ಲಿ 50 ಹರ್ಟ್ಸ್ ಹಮ್ (ಮನೆಯ ಕರೆಂಟ್ ಲೈನಿನಿಂದ ಬರುವ ಗಲಾಟೆ) ಕೂಡ ಬರುತ್ತಿದೆ. ಅದಕ್ಕೆ ಮ್ಯೂ-ಮೆಟಲ್ ಹಾಕಿ ಅಂತ ಒಬ್ಬರು ಹೇಳಿದರು. ಹಾಕಿದರೆ ಹೋಗುತ್ತದಾ?

---

ಹಳೇ_ಚೇಂಬರ್:

ಮ್ಯೂ-ಮೆಟಲ್ ಬೇಡವೇ ಬೇಡ. ಅದು ಶೇ. 80ರ ಹತ್ತಿರ ನಿಕಲ್ ಇರುವ ಮಿಶ್ರಲೋಹ. ಕಾಂತರೇಖೆಗಳನ್ನು ತನ್ನೊಳಗೆ ಎಳೆದುಕೊಂಡು ದಾರಿ ತಪ್ಪಿಸುತ್ತದೆ. ಆಕಾರ ಕೊಟ್ಟ ಮೇಲೆ ಹೈಡ್ರೋಜನ್ ಕುಲುಮೆಯಲ್ಲಿ ಸಾವಿರ ಡಿಗ್ರಿ ಮೀರಿ ಕಾಯಿಸಬೇಕು. ಆಮೇಲೆ ಬಗ್ಗಿಸಿದರೆ, ಬಡಿದರೆ ಗುಣ ಹೋಯಿತು. ಅದು ಬೇಕಾಗುವುದು ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಸೂಕ್ಷ್ಮ ಕಾಯಿಲ್ ಇರುವಂಥ ಕಡೆ. 50 ಹರ್ಟ್ಸ್‌ಗೆ ತಾಮ್ರದ ಸ್ಕಿನ್ ಡೆಪ್ತ್ 9 ಮಿ.ಮೀ.ಗಿಂತ ಜಾಸ್ತಿ, ಹಾಗಾಗಿ ಕಾಂತಕ್ಷೇತ್ರಕ್ಕೆ ನಿಮ್ಮ ಪೇಂಟ್ ಇದ್ದರೂ ಒಂದೇ ಬಿಟ್ಟರೂ ಒಂದೇ.

ಆದರೆ ನಿಮ್ಮ ಹಮ್ ಡಬ್ಬಿಯ ಒಳಗೆ ಹುಟ್ಟುತ್ತಿಲ್ಲ. ಗೋಡೆಯ ವೈರಿನಿಂದ ರೋಗಿಯ ಮೈಗೆ, ಲೀಡ್‌ಗಳಿಗೆ ಕೆಪಾಸಿಟರ್ ರೀತಿಯಲ್ಲಿ ಬಂದು ಕೂರುತ್ತದೆ. ಜೊತೆಗೆ ಲೀಡ್‌ಗಳು ದೂರ ದೂರ ಹರಡಿಕೊಂಡು ದೊಡ್ಡ ಬಳೆ ಮಾಡುತ್ತವೆ. ಅದಕ್ಕೆ ಔಷಧ ಬಲಗಾಲಿನ ಲೀಡ್‌ನ ಡ್ರೈವ್ ಸರ್ಕ್ಯೂಟ್ (ಹಮ್ಮನ್ನು ತಿರುವುಮುರುವು ಮಾಡಿ ರೋಗಿಯ ಮೈಗೆ ವಾಪಸ್ ಕೊಟ್ಟು ರದ್ದು ಮಾಡುವುದು), ಶೀಲ್ಡ್ ಇರುವ ಲೀಡ್, ಲೀಡ್‌ಗಳನ್ನು ಒಟ್ಟಿಗೆ ಹೊಸೆದು ಕಟ್ಟುವುದು, ಎಲೆಕ್ಟ್ರೋಡ್ ಒಣಗದ ಹಾಗೆ ನೋಡಿಕೊಳ್ಳುವುದು. ಡಬ್ಬಿಯ ಸುತ್ತ ಏನು ಸುತ್ತಿದರೂ ಹೊರಗಿನ ಬಳೆಗೆ ಏನಾಗಬೇಕು?

ಕೆಪಾಸಿಟರ್ ಕಾಲು: ಕನೆಕ್ಟರ್ ಹತ್ತಿರ ಬೋರ್ಡಿನಲ್ಲಿ ಒಂದು ಅಗಲ ತಾಮ್ರದ ಪಟ್ಟಿ ಬಿಡಿ. ಆ ಪಟ್ಟಿಗೆ ಪೇಂಟ್ ಸ್ಪ್ರಿಂಗ್ ಒತ್ತುವಿಕೆಯಿಂದ ಮುಟ್ಟಲಿ. ಒಂದು ಕಡೆ ಸಾಲದು, ಹಲವು ಕಡೆ ಮುಟ್ಟಲಿ. ಎಲ್ಲ ಕೆಪಾಸಿಟರ್ ಆ ಪಟ್ಟಿಗೇ ಇಳಿಯಲಿ. ನಿಮ್ಮದು ಬ್ಯಾಟರಿ ಯಂತ್ರ ಅಂತ ಭಾವಿಸಿದ್ದೇನೆ. ಚಾರ್ಜರ್ ಹಾಕಿಕೊಂಡೇ ಬಳಸುವ ಹಾಗಿದ್ದರೆ ಈ ಕೆಪಾಸಿಟರ್ ದಾರಿಯಲ್ಲಿ ರೋಗಿಗೆ ಎಷ್ಟು ಕರೆಂಟ್ ಸೋರುತ್ತದೆ ಅಂತ ಲೆಕ್ಕ ಹಾಕಲೇಬೇಕು. ಹೃದಯಕ್ಕೆ ನೇರ ಸಂಬಂಧ ಇರುವ ಸಿಎಫ್ ವರ್ಗಕ್ಕೆ ಸಾಮಾನ್ಯ ಸ್ಥಿತಿಯಲ್ಲಿ ಮಿತಿ 10 ಮೈಕ್ರೋ ಆಂಪಿಯರ್. ಸೇಫ್ಟಿ ನೋಡುವ ನಿಮ್ಮವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬೆಲೆ ಆರಿಸಿ. ಡಿಫಿಬ್ರಿಲೇಟರ್ ಹೊಡೆತ ತಡೆಯುವ ಭಾಗ ಈ ಫಿಲ್ಟರ್‌ಗಿಂತ ಮುಂಚೆ ಬರಬೇಕು, ಇಲ್ಲದಿದ್ದರೆ ಆ ಸಣ್ಣ ಕೆಪಾಸಿಟರ್ ಸುಟ್ಟುಹೋಗುತ್ತದೆ.

@ಇಂಗಾಲದ_ಹುಡುಗಿ, ಕ್ಯಾವಿಟಿಯ ಮಾತು ಒಪ್ಪಿದೆ ಮಗಳೇ. ಈ ಡಬ್ಬಿಯ ತೊಂದರೆ 400ಕ್ಕೇ ಮುಗಿಯುತ್ತದಲ್ಲ, ಅದಕ್ಕೇ ನಾನು ಆ ಮಾತು ಬರೆಯಲಿಲ್ಲ, ಅಷ್ಟೇ. ಆದರೆ ಪೇಂಟ್ ಬಳಿದ ಮೇಲೆ 1.5 ಗಿಗಾಹರ್ಟ್ಸ್ ಸುತ್ತ ಇಮ್ಯುನಿಟಿ ಮತ್ತೆ ನೋಡಲೇಬೇಕು. ಈಗ ಪಾಸಾಗಿರುವ ಜಾಗ ಆಗ ಫೇಲ್ ಆಗುವುದುಂಟು. ನೀನು ಹೇಳಿದ ರಬ್ಬರ್ ಹಾಳೆ ಆಗ ಕೆಲಸಕ್ಕೆ ಬರುತ್ತದೆ, ಈಗಲೇ ಕೊಂಡಿಡುವುದು ಬೇಡ.

---

ಇಂಗಾಲದ_ಹುಡುಗಿ:

ಆಯ್ತು ಸರ್ :) ಹಾಳೆ ಕೊಳ್ಳುವಾಗ ಅದು ಯಾವ ಫ್ರೀಕ್ವೆನ್ಸಿಗೆ ಮಾಡಿದ್ದು ಅಂತ ನೋಡಿ. ಮ್ಯಾಂಗನೀಸ್-ಜಿಂಕ್ ಫೆರೈಟ್ ಕೆಲವು ಮೆಗಾಹರ್ಟ್ಸ್‌ಗೇ ಸುಸ್ತಾಗುತ್ತದೆ, ನಿಕಲ್-ಜಿಂಕ್ ನೂರಾರು ಮೆಗಾಹರ್ಟ್ಸ್‌ವರೆಗೆ ಬರುತ್ತದೆ. ಲೀಡ್ ವೈರಿನ ಮಣಿಗೂ ಇದೇ ಮಾತು. 1.5 ಗಿಗಾಹರ್ಟ್ಸ್‌ಗೆ ಚಪ್ಪಟೆ ಕಬ್ಬಿಣದ ಮಿಶ್ರಲೋಹದ ಚೂರು ತುಂಬಿದ ಹಾಳೆಗಳೇ ವಾಸಿ.

---

ಮೈಸೂರು_ಸರ್ಕ್ಯೂಟ್:

ಹೌದು ಸರ್, ಬ್ಯಾಟರಿಯದ್ದೇ. ಚಾರ್ಜರ್ ಹಾಕಿದರೆ ಲೀಡ್ ಕೆಲಸ ನಿಲ್ಲುವ ಹಾಗೆ ಮಾಡಿದ್ದೇವೆ. ಸದ್ಯಕ್ಕೆ ಹೀಗೆ ತೀರ್ಮಾನ: ಮೊದಲು ಲೀಡ್ ಫಿಲ್ಟರ್, ಕ್ಲಾಕ್ ಮತ್ತು ಪ್ರೊಸೆಸರ್ ಮೇಲೆ ತಗಡಿನ ಸಣ್ಣ ಮುಚ್ಚಳ. ಅದಕ್ಕೂ ಬಗ್ಗದಿದ್ದರೆ ಮಾತ್ರ ಒಳಗೆ ನಿಕಲ್ ಪೇಂಟ್, ಅಂಚಿನ ಕಾಲುವೆಗೂ ಸುತ್ತಿ ಬರುವ ಹಾಗೆ, ಜೊತೆಗೆ ಗ್ಯಾಸ್ಕೆಟ್. ತಾಮ್ರದ_ತೊಟ್ಟಿ ಅಣ್ಣ, ನಿಮಗೆ ನಮ್ಮ ಪ್ಲಾಸ್ಟಿಕ್ ಗ್ರೇಡಿನ ವಿವರ ಮತ್ತು ಎರಡು ಖಾಲಿ ಡಬ್ಬಿ ಕಳಿಸುತ್ತೇನೆ, ಪ್ಲೇಟಿಂಗ್ ಹಿಡಿಯುತ್ತದಾ ನೋಡಿ ಹೇಳಿ.

---

ಹಳೇ_ಚೇಂಬರ್:

ಸರಿಯಾದ ಕ್ರಮ. ತಗಡಿನ ಮುಚ್ಚಳದ ಸುತ್ತ ಬೋರ್ಡಿನ ಗ್ರೌಂಡಿಗೆ ಬೆಸುಗೆ ಒತ್ತೊತ್ತಾಗಿ ಇರಲಿ, ಕೆಳಗೆ ಗ್ರೌಂಡ್ ಪದರ ಎಲ್ಲೂ ಕಡಿಯದೆ ಇರಲಿ. ಇಲ್ಲದಿದ್ದರೆ ಅದು ಐದು ಬದಿಯ ಡಬ್ಬಿ, ಆರನೇ ಬದಿ ತೆರೆದೇ ಇರುತ್ತದೆ.

ಪೇಂಟಿಗೆ ಹೋಗುವ ಪ್ರಸಂಗ ಬಂದರೆ ಫೈನಲ್ ಟೆಸ್ಟಿಗೆ ಕೈಯಲ್ಲಿ ಬಳಿದ ಸ್ಯಾಂಪಲ್ ತಗೊಂಡು ಹೋಗಬೇಡಿ. ಪ್ರೊಡಕ್ಷನ್ನಿನಲ್ಲಿ ಬಳಿಯುವವರೇ ಬಳಿದ ಡಬ್ಬಿ ಬೇಕು. ಅದನ್ನು ಹತ್ತಾರು ಸಲ ಬಿಚ್ಚಿ ಮುಚ್ಚಿ, ಆಮೇಲೆ ಅಂಚಿನಿಂದ ಅಂಚಿಗೆ ಮೀಟರ್ ಇಟ್ಟು ನೋಡಿ, ಆಮೇಲೆ ಲ್ಯಾಬಿನ ಟೆಸ್ಟ್ ಚೇಂಬರಿಗೆ ಹೋಗಿ. ಬ್ಯಾಟರಿ ಬದಲಿಸಲು ಅದನ್ನು ಬಿಚ್ಚುವವರು ನಿಮ್ಮಷ್ಟು ಜೋಪಾನವಾಗಿ ಬಿಚ್ಚುವುದಿಲ್ಲ.